ಕಾಡೆಮ್ಮೆಗೆ ಯಾವ ಕ್ಯಾಲಿಬರ್? .458 ಬಿಟ್ಟು .375 ಹಿಡಿದ ನನ್ನ ಅನುಭವ

ಜಿಂಬಾಬ್ವೆಯ ಜಾಂಬೆಜಿ ಕಣಿವೆಯಲ್ಲಿ ಕೇಪ್ ಕಾಡೆಮ್ಮೆಯ ಬೇಟೆಗೆ ಹೋಗುವುದೆಂದು ನಿಶ್ಚಯವಾದಾಗ ನನ್ನ ಬಳಿ ಇದ್ದದ್ದು .30-06 ರೈಫಲ್ ಒಂದೇ. (ಚುಕ್ಕೆಯ ಮುಂದಿನ ಅಂಕಿಯೇ ಕ್ಯಾಲಿಬರ್, ಅಂದರೆ ಸುಮಾರಾಗಿ ಇಂಚಿನ ಲೆಕ್ಕದಲ್ಲಿ ನಳಿಗೆಯ ಒಳವ್ಯಾಸ.) ಅದರಲ್ಲಿ ನಮೀಬಿಯಾದಲ್ಲಿ ಎರಡು ಬಾರಿ ಕುಡು ಮತ್ತು ಒರಿಕ್ಸ್ ಎಂಬ ದೊಡ್ಡ ಜಿಂಕೆಯಂಥ ಪ್ರಾಣಿಗಳನ್ನು ಹೊಡೆದಿದ್ದೆನಾದ್ದರಿಂದ ಅದರ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಆದರೆ ಜಿಂಬಾಬ್ವೆಯ ನಿಯಮ ಈ ವಿಷಯದಲ್ಲಿ ವಾದಕ್ಕೆ ಎಡೆಯನ್ನೇ ಇಟ್ಟಿಲ್ಲ. ಆನೆ, ಕಾಡೆಮ್ಮೆ, ನೀರಾನೆಗಳಿಗೆ ಬಳಸುವ ಗುಂಡಿನ ವ್ಯಾಸ ಕನಿಷ್ಠ 9.2 ಮಿ.ಮೀ. ಇರಬೇಕು, ನಳಿಗೆಯ ಬಾಯಿ ಬಿಡುವಾಗ ಅದರ ಶಕ್ತಿ ಕನಿಷ್ಠ 5,300 ಜೂಲ್ ಇರಬೇಕು. .30-06ರ ಗುಂಡು 7.8 ಮಿ.ಮೀ. ವ್ಯಾಸದ್ದು, ಶಕ್ತಿ ನಾಲ್ಕು ಸಾವಿರ ಜೂಲ್‌ನ ಆಸುಪಾಸಿನದು. 1905ರಲ್ಲಿ ಜರ್ಮನಿಯ ಒಟ್ಟೊ ಬಾಕ್ ರೂಪಿಸಿದ, ಇಂದಿಗೂ ಆಫ್ರಿಕಾದಲ್ಲಿ ಅಚ್ಚುಮೆಚ್ಚಿನದಾಗಿರುವ 9.3x62 ತೋಟಾ ಕೂಡ ವ್ಯಾಸದಲ್ಲಿ ತೇರ್ಗಡೆಯಾಗಿ, ಸಾಮಾನ್ಯ ಕಾರ್ಖಾನೆಯ ಮದ್ದಿನಲ್ಲಿ ಶಕ್ತಿಯ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಹೀಗಾಗಿ ಹೊಸ ರೈಫಲ್ ಕೊಳ್ಳುವುದು ಅನಿವಾರ್ಯವಾಯಿತು.

ಆಗ ನಾನು ಮಾಡಿದ ತಪ್ಪು ಬಹಳ ಜನ ಮಾಡುವ ತಪ್ಪೇ. ಪ್ರಾಣಿ ಏಳೆಂಟುನೂರು ಕಿಲೋ ತೂಗುತ್ತದೆ, ಗಾಯಗೊಂಡರೆ ತಿರುಗಿ ಬೀಳುತ್ತದೆ, ಆದ್ದರಿಂದ ಸಿಗುವುದರಲ್ಲಿ ದೊಡ್ಡದನ್ನೇ ಕೊಳ್ಳೋಣ ಎಂದು ಹಳೆಯದೊಂದು .458 ವಿಂಚೆಸ್ಟರ್ ಮ್ಯಾಗ್ನಮ್ ರೈಫಲನ್ನು ಕೊಂಡೆ. 1956ರಲ್ಲಿ ಬಂದ ಈ ತೋಟಾ 32.4 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 640 ಮೀಟರ್ ವೇಗದಲ್ಲಿ ಎಸೆಯುತ್ತದೆ. ಆರೂವರೆ ಸಾವಿರ ಜೂಲ್ ದಾಟುವ ಶಕ್ತಿ. ಕಾಗದದ ಮೇಲೆ ಅದನ್ನು ಓದಿದಾಗ ಮನಸ್ಸಿಗೆ ಬಹಳ ಧೈರ್ಯವಾಗಿತ್ತು. ಮೊದಲ ದಿನ ಮೇಜಿನ ಮುಂದೆ ಕುಳಿತು ಗುರಿ ಸರಿಪಡಿಸುವಾಗ ಮೂರನೆಯ ಈಡಿಗೇ ಗುರಿ ನೋಡುವ ದುರ್ಬೀನಾದ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರಾಕಾರದ ಗಾಯವಾಯಿತು. ಅದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕಣ್ಣಿಗೂ ಸ್ಕೋಪಿಗೂ ನಡುವೆ ಹೆಚ್ಚು ಅಂತರ ಬಿಡುವ, ಕಡಿಮೆ ವರ್ಧನೆಯ ಸ್ಕೋಪ್ ಹಾಕಿಸಿ ಅಭ್ಯಾಸ ಮುಂದುವರಿಸಿದೆ.

ಎರಡು ತಿಂಗಳು ಕಳೆದರೂ ನನ್ನ ಗುರಿ ಸುಧಾರಿಸುವ ಬದಲು ಕೆಡುತ್ತಾ ಹೋಯಿತು. ಮೊದಲು ಅಂಗೈಯಗಲದಲ್ಲಿ ಬೀಳುತ್ತಿದ್ದ ಗುಂಡುಗಳು ಐವತ್ತು ಮೀಟರ್ ದೂರದಲ್ಲೇ ಊಟದ ತಟ್ಟೆಯಷ್ಟು ಹರಡತೊಡಗಿದವು, ಅದೂ ಹೆಚ್ಚಾಗಿ ಕೆಳಕ್ಕೆ. ಸ್ಕೋಪಿನ ಹಿಡಿಕೆಗಳನ್ನು ಬಿಗಿಗೊಳಿಸಿದೆ, ಬೇರೆ ಕಂಪನಿಯ ತೋಟಾ ತರಿಸಿದೆ, ನಳಿಗೆಯನ್ನು ಉಜ್ಜಿ ಉಜ್ಜಿ ತೊಳೆದೆ. ರೈಫಲಿನಲ್ಲೇ ಏನೋ ದೋಷವಿದೆಯೆಂದು ನನಗೆ ಖಾತರಿಯಾಗಿತ್ತು. ಗುರಿಗಾರಿಕೆಯ ಬಯಲಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ ಹಿರಿಯರೊಬ್ಬರು ಒಂದು ದಿನ, ಇಂದು ತೋಟಾ ತುಂಬುವ ಕೆಲಸ ನನಗೆ ಬಿಡಿ, ನೀವು ಬೇರೆ ಕಡೆ ನೋಡುತ್ತಾ ನಿಂತಿರಿ ಎಂದರು. ಅವರು ತುಂಬಿ ಕೊಟ್ಟ ರೈಫಲನ್ನು ನಾನು ಭುಜಕ್ಕೇರಿಸಿ ಹೊಡೆಯುವುದು, ಮತ್ತೆ ಅವರ ಕೈಗೆ ಕೊಡುವುದು, ಹೀಗೆ ಸಾಗಿತು. ಮೂರನೆಯ ಬಾರಿ ಕುದುರೆ ಎಳೆದಾಗ ಟಕ್ಕೆಂಬ ಸದ್ದು ಮಾತ್ರ ಬಂತು. ಅವರು ಮದ್ದಿಲ್ಲದ ಹುಸಿ ತೋಟಾ ಇಟ್ಟಿದ್ದರು. ಆದರೆ ಆ ಟಕ್ಕೆಂಬ ಸದ್ದಿಗೆ ಮೊದಲೇ ನನ್ನ ಎಡಗೈ ನಳಿಗೆಯನ್ನು ನಾಲ್ಕು ಬೆರಳಿನಷ್ಟು ಕೆಳಕ್ಕೆ ಅದುಮಿತ್ತು, ಎರಡೂ ಕಣ್ಣು ಮುಚ್ಚಿಕೊಂಡಿದ್ದವು, ಬಲಭುಜ ಮುಂದಕ್ಕೆ ನುಗ್ಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಒದೆತ ಎಂಬುದು ಲೆಕ್ಕಕ್ಕೆ ಸಿಗುವ ವಸ್ತು. ನಾಲ್ಕು ಕಿಲೋ ತೂಕದ ರೈಫಲಿನಲ್ಲಿ .30-06 ಭುಜಕ್ಕೆ ಕೊಡುವ ಶಕ್ತಿ ಸುಮಾರು 25 ಜೂಲ್, .375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ಕೊಡುವುದು ಐವತ್ತಕ್ಕೆ ತುಸು ಮೇಲೆ, .458 ಕೊಡುವುದು ಎಂಬತ್ತಕ್ಕೂ ಮೇಲೆ. ನಾನು ಒಂದೇ ನೆಗೆತದಲ್ಲಿ ಮೂರು ಪಟ್ಟು ದಾಟಲು ಹೊರಟಿದ್ದೆ. ನೋವನ್ನು ತಡೆದುಕೊಳ್ಳಬಲ್ಲೆನೆಂಬ ಹಮ್ಮು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಭುಜ ತಡೆದುಕೊಳ್ಳುತ್ತದೆ, ಆದರೆ ನಮ್ಮ ಅಪ್ಪಣೆಗೆ ಕಾಯದ ನರಗಳು ಹೊಡೆತವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅದಕ್ಕೆ ಮೊದಲೇ ಬೆಚ್ಚುತ್ತವೆ. ಒಮ್ಮೆ ಕೂತ ಈ ಬೆಚ್ಚುವ ಅಭ್ಯಾಸವನ್ನು ಬಿಡಿಸುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು, ಅದೂ ದೊಡ್ಡ ರೈಫಲನ್ನು ಮುಟ್ಟದೆ, ಒದೆತವೇ ಇಲ್ಲವೆನ್ನಬಹುದಾದ ಚಿಕ್ಕ .22ರಲ್ಲಿ ದಿನವೂ ನಿಂತು ಹೊಡೆದು.

ದೊಡ್ಡ ಗುಂಡು ಪ್ರಾಣಿಯನ್ನು ತಳ್ಳಿ ಬೀಳಿಸುತ್ತದೆಂಬ ನಂಬಿಕೆಯನ್ನೂ ಇದೇ ಸಮಯದಲ್ಲಿ ಬಿಟ್ಟೆ. ಗುಂಡು ಪ್ರಾಣಿಗೆ ಕೊಡುವ ನೂಕು, ರೈಫಲು ಹೊಡೆದವನ ಭುಜಕ್ಕೆ ಕೊಡುವ ನೂಕಿಗಿಂತ ಹೆಚ್ಚಿರಲು ಸಾಧ್ಯವಿಲ್ಲ. ಅದರಿಂದ ಎಮ್ಮೆ ಉರುಳುವುದಾದರೆ ನಾನು ಅದಕ್ಕೂ ಮೊದಲೇ ಉರುಳಬೇಕು. ಗುಂಡಿನ ಕೆಲಸ ಚರ್ಮ, ಮಾಂಸ, ಎಲುಬುಗಳನ್ನು ಸೀಳಿಕೊಂಡು ಹೃದಯ ಮತ್ತು ಶ್ವಾಸಕೋಶದವರೆಗೆ ನೇರವಾಗಿ ಹೋಗುವುದು. ಅಲ್ಲಿಗೆ ತಲುಪಿದ ಮೇಲೂ ಪ್ರಾಣಿ ನೂರು ಮೀಟರ್ ಓಡಬಹುದು. ನುಗ್ಗಿ ಬರುವ ಎಮ್ಮೆಯನ್ನು ನಿಂತಲ್ಲೇ ನಿಲ್ಲಿಸುವುದು ಮಿದುಳಿಗೋ ಬೆನ್ನುಹುರಿಗೋ ಬಿದ್ದ ಗುಂಡು. ಅಂಥ ಗಳಿಗೆಯಲ್ಲಿ ಹೆಚ್ಚಿನ ವ್ಯಾಸ ಸ್ವಲ್ಪ ನೆರವಾದೀತು, ತಪ್ಪಿದ ಗುರಿಯನ್ನು ಅದು ಸರಿಮಾಡದು.

ಇದನ್ನು ಕೇಳಿದ ಕೆಲವರು ತಕ್ಷಣ ಹೆಸರಾಂತ ಆನೆ ಬೇಟೆಗಾರ ಡಬ್ಲ್ಯು. ಡಿ. ಎಂ. ಬೆಲ್ ಹೆಸರನ್ನು ಎತ್ತುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಸಾವಿರಕ್ಕೂ ಹೆಚ್ಚು ಆನೆಗಳನ್ನು, ಬಹುಪಾಲು 7 ಮಿ.ಮೀ. ರೈಫಲಿನಲ್ಲೇ, ಹೊಡೆದದ್ದು ನಿಜ. ಆನೆಯ ತಲೆಬುರುಡೆಯ ಒಳರಚನೆಯನ್ನು ಕರಾರುವಾಕ್ಕಾಗಿ ಅರಿತಿದ್ದ, ಬಡಿದಾಗ ಅರಳಿ ಚಪ್ಪಟೆಯಾಗದ ಗಟ್ಟಿ ಗುಂಡನ್ನೇ ಬಳಸುತ್ತಿದ್ದ, ಕೋನ ಸರಿಯಿಲ್ಲದಿದ್ದರೆ ಸುಮ್ಮನೆ ಹಿಂದಿರುಗಿ ನಾಳೆ ಬರಬಲ್ಲವರಾಗಿದ್ದ ಅವರ ಉದಾಹರಣೆಯನ್ನು, ಹತ್ತು ದಿನಗಳ ಅವಧಿಗೆ ಹೋಗುವ ನನ್ನಂಥವನು ಸಣ್ಣ ರೈಫಲಿಗೆ ಸಮರ್ಥನೆಯಾಗಿ ಬಳಸುವುದು ದುಸ್ಸಾಹಸ.

.458 ಅನ್ನು ಮಾರಿದ ಮೇಲೆ ಕೊನೆಗೆ ಉಳಿದದ್ದು .375 ಎಚ್ ಅಂಡ್ ಎಚ್ ಮತ್ತು .416 ರಿಗ್ಬಿ. ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ರಿಗ್ಬಿಯದು 1911ರದು, ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯದು 1912ರದು. ರಿಗ್ಬಿಯ ತೋಟಾ ಅಷ್ಟು ದಪ್ಪವಾಗಿರುವುದಕ್ಕೆ ಕಾರಣವಿದೆ. ಅಂದಿನ ಕಾರ್ಡೈಟ್ ಮದ್ದು ಉಷ್ಣವಲಯದ ಬಿಸಿಲಿಗೆ ಸಿಕ್ಕರೆ ಒಳಗಿನ ಒತ್ತಡ ಏರಿ, ಸಿಡಿದ ತೋಟಾದ ಲೋಹದ ಕೋಶ ನಳಿಗೆಯ ಹಿಂತುದಿಯ ಕೋಣೆಯಲ್ಲೇ ಕಚ್ಚಿಕೊಳ್ಳುವ ಅಪಾಯವಿತ್ತು. ಅದಕ್ಕಾಗಿ ಕೋಶವನ್ನು ವಿಶಾಲವಾಗಿಟ್ಟು ಒತ್ತಡವನ್ನು ಕಡಿಮೆಯಲ್ಲಿ ಇಟ್ಟರು. ನಾನು ಮಾರಿದ .458ರ ಕಥೆ ಇದಕ್ಕೆ ವಿರುದ್ಧ. ತೋಟಾವನ್ನು ಕೋಣೆಗೆ ತಳ್ಳಿ ಮುಚ್ಚುವ ಬೋಲ್ಟ್ ಸಾಮಾನ್ಯ ಉದ್ದದ್ದಾದರೂ ಹೊಂದಲೆಂದು ಅದರ ಕೋಶವನ್ನು 63.5 ಮಿ.ಮೀ.ಗೆ ಮೊಟಕುಗೊಳಿಸಿ ಮದ್ದನ್ನು ಒತ್ತಿ ತುಂಬಿದ್ದರಿಂದ, ಆರಂಭದ ತೋಟಾಗಳಲ್ಲಿ ಮದ್ದು ಕಾಲಕ್ರಮದಲ್ಲಿ ಗಟ್ಟಿಯಾಗಿ ವೇಗ ಕುಸಿಯುತ್ತಿತ್ತು. ಈಗಿನ ತೋಟಾಗಳಲ್ಲಿ ಆ ದೂರು ಉಳಿದಿಲ್ಲ. ಅದನ್ನು ಮಾರಿದ್ದು ನನ್ನ ದೋಷಕ್ಕೆ, ಅದರ ದೋಷಕ್ಕಲ್ಲ.

ಎರಡು ನಳಿಗೆಯ .470 ನೈಟ್ರೋ ಎಕ್ಸ್‌ಪ್ರೆಸ್ ಕೂಡ ಒಂದು ಗಳಿಗೆ ಮನಸ್ಸಿನಲ್ಲಿ ಸುಳಿದಿತ್ತು. ಬ್ರಿಟಿಷ್ ಸರ್ಕಾರ ಭಾರತ ಮತ್ತು ಸುಡಾನಿಗೆ .450 ಬೋರಿನ ರೈಫಲುಗಳು ಹೋಗದಂತೆ ತಡೆದದ್ದರಿಂದಲೇ .465, .470, .475 ಎಂಬ ಇಷ್ಟೊಂದು ಸಂಖ್ಯೆಗಳು ಹುಟ್ಟಿಕೊಂಡವು ಎಂಬುದು ಆಗ ತಿಳಿಯಿತು. ಬೆಲೆ ಕೇಳಿದ ಮೇಲೆ ಆ ವಿಚಾರವನ್ನು ಮುಂದುವರಿಸಲಿಲ್ಲ.

.416ರ ಗುಂಡು 25.9 ಗ್ರಾಂ ತೂಗುತ್ತದೆ, ಸೆಕೆಂಡಿಗೆ 730 ಮೀಟರ್ ವೇಗ. .375ರದು 19.4 ಗ್ರಾಂ, 770 ಮೀಟರ್. .375ರ ಶಕ್ತಿ ಸುಮಾರು 5,750 ಜೂಲ್, ಅಂದರೆ ಕಾನೂನಿನ ಗೆರೆಗಿಂತ ತುಸುವೇ ಮೇಲೆ. ಎರಡನ್ನೂ ಎರವಲು ಪಡೆದು, ಅದೇ ಹಿರಿಯರಿಂದ ಹುಸಿ ತೋಟಾ ಬೆರೆಸಿ ತುಂಬಿಸಿಕೊಂಡು, ನಿಂತು ಹೊಡೆದೆ. .375ರಲ್ಲಿ ಹತ್ತು ಈಡಿನ ನಂತರವೂ ನಳಿಗೆ ಅಲುಗಲಿಲ್ಲ; .416ರಲ್ಲಿ ಆರನೆಯದಕ್ಕೆ ಅಲುಗಿತು. ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು. ಇನ್ನೊಂದು ಅನುಕೂಲವೂ ಇತ್ತು: ವಿಮಾನದಲ್ಲಿ ತೋಟಾಗಳ ಪೆಟ್ಟಿಗೆ ಕಳೆದುಹೋದರೆ, ಆಫ್ರಿಕಾದ ಬೇಟೆ ಶಿಬಿರಗಳಲ್ಲಿ ಎರವಲು ಸಿಗುವ ಸಂಭವ .375ರದ್ದೇ ಹೆಚ್ಚು. ನಳಿಗೆಯ ತುದಿಗೆ ಬ್ರೇಕ್ ಹಾಕಿಸಿ .416 ಒಯ್ಯಬಹುದಲ್ಲವೇ ಎಂದವರಿದ್ದರು. ಒದೆತ ಕಡಿಮೆಯಾಗುತ್ತದೆ, ನಿಜ; ಆದರೆ ಸದ್ದೆಲ್ಲ ಪಕ್ಕಕ್ಕೆ ಸಿಡಿದು, ಕಿವಿಗೆ ಏನೂ ಇಟ್ಟುಕೊಳ್ಳದೆ ಬದಿಯಲ್ಲೇ ನಿಂತಿರುವ ಜಾಡುಗಾರನ ಕಿವಿಯನ್ನು ಹಾಳುಮಾಡುತ್ತದೆ. ಅದನ್ನು ನಾನು ಒಪ್ಪಲಾರೆ.

ಕ್ಯಾಲಿಬರಿಗಿಂತ ಹೆಚ್ಚು ಸಮಯವನ್ನು ನಾನು ಗುಂಡಿನ ಆಯ್ಕೆಗೆ ಕೊಟ್ಟೆ; ಈಗ ನೋಡಿದರೆ ಅದನ್ನೇ ಮೊದಲು ಮಾಡಬೇಕಿತ್ತು. ಜಿಂಕೆಗೆ ಒಪ್ಪುವ ಮೆದು ಗುಂಡು ಎಮ್ಮೆಯ ಭುಜದ ಎಲುಬಿಗೆ ಬಡಿದು ಚೂರಾದರೆ, ಅದು .375 ಆದರೇನು, .458 ಆದರೇನು, ಒಳಗೆ ಹೋಗುವುದಿಲ್ಲ. ಎಮ್ಮೆಯ ಪಕ್ಕೆಲುಬುಗಳು ಅಗಲವಾಗಿ ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಹೃದಯ ಮುಂಗಾಲುಗಳ ನಡುವೆ ಬಹಳ ಕೆಳಗಿರುತ್ತದೆ. ಹಾಗೆಂದು ಅರಳದ ಗಟ್ಟಿ ಗುಂಡನ್ನೇ ಮೊದಲು ಹೊಡೆದರೆ, ಅದು ಒಂದನ್ನು ತೂರಿ ಹಿಂದೆ ನಿಂತ ಇನ್ನೊಂದನ್ನು ಗಾಯಗೊಳಿಸಬಹುದು. ಹಿಂಡಿನಲ್ಲಿ ಇದು ದೊಡ್ಡ ಅಪಾಯ. ಆದ್ದರಿಂದ ಮೊದಲ ಈಡಿಗೆ ಸ್ವಿಫ್ಟ್ ಎ-ಫ್ರೇಮ್ ಆರಿಸಿದೆ. ಅದರ ನಡುವೆ ತಾಮ್ರದ ಅಡ್ಡಗೋಡೆಯಿದ್ದು, ಮುಂಭಾಗದ ಸೀಸ ಹೊದಿಕೆಗೆ ಬೆಸೆದುಕೊಂಡಿರುತ್ತದೆ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಹಾಗೆಯೇ ಉಳಿದು ಮುನ್ನುಗ್ಗುತ್ತದೆ. ಮ್ಯಾಗಜೀನಿನಲ್ಲಿ ಅದರ ಕೆಳಗೆ ಮೂರು ಗಟ್ಟಿ ಗುಂಡು. ಓಡುವ ಎಮ್ಮೆಗೆ ಹಿಂದಿನಿಂದ ಹೊಡೆಯಬೇಕಾಗಿ ಬಂದರೆ ಹೊಟ್ಟೆಯ ಮೇವನ್ನೆಲ್ಲ ದಾಟಿ ಎದೆ ತಲುಪಬಲ್ಲದ್ದು ಅವು ಮಾತ್ರ.

ರೈಫಲು ಮೌಸರ್ ಮಾದರಿಯ ಬೋಲ್ಟಿನದು. ತೋಟಾ ಮ್ಯಾಗಜೀನಿನಿಂದ ಮೇಲೇಳುವಾಗಲೇ ಕೊಕ್ಕೆ ಅದರ ಅಂಚನ್ನು ಹಿಡಿದುಕೊಳ್ಳುತ್ತದೆ. .375ರ ತುಂಬಿದ ತೋಟಾ 91 ಮಿ.ಮೀ. ಉದ್ದವಿರುವುದರಿಂದ ಬೋಲ್ಟನ್ನು ನಾವು ಊಹಿಸಿದ್ದಕ್ಕಿಂತ ಹಿಂದಕ್ಕೆ ಎಳೆಯಬೇಕು. .30-06ಕ್ಕೆ ಒಗ್ಗಿದ ನನ್ನ ಕೈ ಎರಡು ಸಲ ಅರ್ಧದಲ್ಲೇ ನಿಂತು, ಖಾಲಿ ಕೋಣೆಯ ಮೇಲೆ ಬೋಲ್ಟ್ ಮುಚ್ಚಿತ್ತು. ಆಮೇಲೆ ಪ್ರತಿ ಸಂಜೆ ಹುಸಿ ತೋಟಾಗಳನ್ನು ಹಾಕಿ, ರೈಫಲನ್ನು ಭುಜದಿಂದ ಇಳಿಸದೆ ಬೋಲ್ಟ್ ಎಳೆಯುವ ಅಭ್ಯಾಸ ಮಾಡಿದೆ. ನಿಜವಾದ ಮದ್ದಿನಲ್ಲಿ ಹೊಡೆದದ್ದು ವಾರಕ್ಕೆ ಹತ್ತೇ ಈಡು, ಎಲ್ಲವೂ ಮುಕ್ಕಾಲಿ ಕೋಲಿನ ಆಸರೆಯಲ್ಲಿ ನಿಂತು. ಕುಳಿತಾಗ ಮೈ ಒದೆತಕ್ಕೆ ಎದುರಾಗಿ ಸಿಕ್ಕಿಕೊಳ್ಳುತ್ತದೆ. ನಿಂತರೆ ಅದರೊಂದಿಗೆ ಹಿಂದಕ್ಕೆ ತೂಗುತ್ತದೆ.

ಬೇಟೆಯ ಐದನೆಯ ದಿನ, ಮೋಪಾನೆ ಗಿಡಗಳ ನಡುವೆ, ಅರವತ್ತು ಮೀಟರ್ ದೂರದಲ್ಲಿ ಒಂಟಿ ಮುದಿ ಕೋಣವೊಂದು ಅಡ್ಡಲಾಗಿ ನಿಂತಿತು. ಜಾಡುಗಾರ ಸದ್ದಿಲ್ಲದೆ ಮುಕ್ಕಾಲಿ ನೆಟ್ಟ. ಮುಂಗಾಲಿನ ಗೆರೆಯನ್ನು ಹಿಡಿದು ಮೇಲೆ ಹೋಗಿ, ಮೈಯ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿ ಗುರಿಯಿಟ್ಟು ಕುದುರೆ ಎಳೆದೆ. ಒದೆತ ನನಗೆ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಬೋಲ್ಟ್ ಪೂರ್ತಿ ಹಿಂದೆ ಬಂದು ತಡೆಗೆ ಬಡಿದದ್ದು. ಕೋಣ ಬೆನ್ನು ಬಾಗಿಸಿ ಓಡತೊಡಗಿದಾಗ ಎರಡನೆಯ ಈಡು ತೊಡೆಯ ಬಳಿ ಬಿತ್ತು. ಜೊತೆಗಿದ್ದ ವೃತ್ತಿಪರ ಬೇಟೆಗಾರ ತನ್ನ .470 ಎತ್ತಿದ್ದರೂ ಹೊಡೆಯಲಿಲ್ಲ. ಇಪ್ಪತ್ತು ನಿಮಿಷ ಕಾದೆವು. ಅಷ್ಟರಲ್ಲಿ ಪೊದೆಯ ಒಳಗಿನಿಂದ ಸಾಯುವ ಎಮ್ಮೆಯ ದೀರ್ಘ ನರಳಿಕೆ ಕೇಳಿಸಿತ್ತು. ಆದರೂ ಹತ್ತಿರ ಹೋಗಿ ಇನ್ನೊಂದು ಗಟ್ಟಿ ಗುಂಡು ಹೊಡೆದ ಮೇಲೆಯೇ ಮುಟ್ಟಿದೆವು. ಚರ್ಮ ಸುಲಿಯುವಾಗ ಮೊದಲ ಗುಂಡು ಆಚೆ ಬದಿಯ ಚರ್ಮದ ಕೆಳಗೆ ಅಣಬೆಯಂತೆ ಅರಳಿ ಕೂತಿತ್ತು. ತೂಗಿದರೆ 18.3 ಗ್ರಾಂ.

ಈಗ ಆನೆ ಬೇಟೆಗೆ ಕರೆ ಬಂದಿದೆ. ಅದಕ್ಕೂ .375 ಕಾನೂನುಬದ್ಧವೇ, ಆದರೆ ದಟ್ಟ ಪೊದೆಯೊಳಗೆ ಇಪ್ಪತ್ತು ಹೆಜ್ಜೆಯಲ್ಲಿ ತಲೆಗೆ ಹೊಡೆಯುವಾಗ, ಮಿದುಳು ಕೂದಲೆಳೆಯಲ್ಲಿ ತಪ್ಪಿದರೂ ಆನೆಯನ್ನು ಕ್ಷಣಕಾಲ ತತ್ತರಿಸುವಂತೆ ಮಾಡಬಲ್ಲ ಹೆಚ್ಚಿನ ತೂಕದ ಗುಂಡು ಇದ್ದರೆ ಒಳ್ಳೆಯದೆಂದು ನನ್ನ ಎಣಿಕೆ. ಅದೇ .416 ರಿಗ್ಬಿಯನ್ನು ಕಳೆದ ತಿಂಗಳು ಮತ್ತೆ ಎರವಲು ತಂದೆ. ಈ ಬಾರಿ ಎಂಟನೆಯ ಈಡಿನವರೆಗೆ ನಳಿಗೆ ನೆಟ್ಟಗಿತ್ತು, ಒಂಬತ್ತನೆಯ ಹುಸಿ ತೋಟಾಕ್ಕೆ ಅಲುಗಿತು. ರೈಫಲನ್ನು ಒರೆಸಿ ಹಿಂದಿರುಗಿಸಿ, ಉತ್ತರ ಕೊಡಲು ಇನ್ನೂ ಆರು ತಿಂಗಳು ಅವಕಾಶ ಕೇಳಿದ್ದೇನೆ.