ಫೋಟೋ ಎಡಿಟಿಂಗ್, ಡಿಸೈನ್ ಕಲಿಯೋಕೆ ಎಲ್ಲಿಂದ ಶುರು ಮಾಡಬೇಕು? ಬಳ್ಳಾರಿಯ ಹೊಸಬರಿಗೆ

ಡಿಸೈನ್ ಕಲಿಯಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಯಾವ ಸಾಫ್ಟ್‌ವೇರ್ ಅಂತ. ಅದರ ಉತ್ತರ ಎರಡು ನಿಮಿಷದ್ದು, ಮೊದಲು ಮುಗಿಸಿಬಿಡೋಣ. ಫೋಟೋ ತಿದ್ದೋಕೆ ಗಿಂಪ್, ಅಕ್ಷರ ಮತ್ತು ಲೋಗೋ ಜೋಡಿಸೋಕೆ ಇಂಕ್‌ಸ್ಕೇಪ್. ಎರಡಕ್ಕೂ ಕಾಸು ಕೊಡಬೇಕಿಲ್ಲ. ಕಾಲೇಜ್ ಲ್ಯಾಬ್‌ನಲ್ಲೋ ಸೈಬರ್ ಸೆಂಟರ್‌ನಲ್ಲೋ ಕೂತಿದ್ದೀರಿ, ಏನೂ ಇನ್‌ಸ್ಟಾಲ್ ಮಾಡೋಕೆ ಬಿಡಲ್ಲ ಅಂದರೆ ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿ ಇದೆ, ಅದು ಫೋಟೋಶಾಪ್‌ನ ಪಿಎಸ್‌ಡಿ ಫೈಲನ್ನೂ ಓದುತ್ತದೆ. ಕಂಪ್ಯೂಟರೇ ಇಲ್ಲ ಅಂದರೆ ಫೋನಿನಲ್ಲಿ ಸ್ನ್ಯಾಪ್‌ಸೀಡ್ ಸಾಕು, ಬೆಳಕು ಹೊಂದಿಸುವ ಕರ್ವ್ಸ್ ಅನ್ನುವ ಟೂಲ್ ಅದರಲ್ಲೂ ಇದೆ. ಮುಂದೆ ಬ್ಯಾನರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಆಸೆ ಇದ್ದರೆ ಕೋರೆಲ್‌ಡ್ರಾ, ಫೋಟೋಶಾಪ್ ಎರಡೂ ಬೇಕಾಗುತ್ತವೆ. ಅದಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಂದರಲ್ಲಿ ಲೇಯರ್ (ಒಂದರ ಮೇಲೊಂದು ಇಡುವ ಪದರ) ಮತ್ತು ಮಾಸ್ಕ್ (ಪದರದ ಬೇಡದ ಭಾಗ ಮರೆಮಾಡುವ ಮುಸುಕು) ಅರ್ಥವಾದರೆ ಇನ್ನೊಂದರಲ್ಲಿ ಬಟನ್ ಎಲ್ಲಿದೆ ಅಂತ ಹುಡುಕುವುದಷ್ಟೇ ಕೆಲಸ.

ನಿಜವಾದ ಪ್ರಶ್ನೆ ಏನನ್ನು ಮಾಡುತ್ತಾ ಕಲಿಯಬೇಕು ಅನ್ನುವುದು. ವಿಡಿಯೋ ನೋಡಿ ಬೆಂಕಿ ಅಕ್ಷರ, ಹೊಗೆ ಬರುವ ಮುಖ ಮಾಡಿದರೆ ಒಂದು ವಾರ ಖುಷಿ ಇರುತ್ತದೆ, ಆಮೇಲೆ ಯಾರಾದರೂ ಒಂದು ಕೆಲಸ ಕೊಟ್ಟಾಗ ಕೈ ಕಾಲು ಆಡುವುದಿಲ್ಲ. ಬಳ್ಳಾರಿಯಲ್ಲಿ ಇರುವವರಿಗೆ ಒಳ್ಳೆಯ ಅಭ್ಯಾಸ ಪಕ್ಕದ ಬೀದಿಯಲ್ಲೇ ಇದೆ. ಎರಡು ಕೆಲಸ ಹೇಳುತ್ತೇನೆ. ಒಂದು ಜೀನ್ಸ್ ಪ್ಯಾಂಟಿನ ಫೋಟೋ, ಇನ್ನೊಂದು ಜಾತ್ರೆಯ ಬ್ಯಾನರ್. ಇವೆರಡನ್ನೂ ಸರಿಯಾಗಿ ಮಾಡಿದರೆ ಹೊಸಬರಿಗೆ ಬೇಕಾದ ಹೆಚ್ಚುಕಡಿಮೆ ಎಲ್ಲ ವಿದ್ಯೆ ಅದರಲ್ಲೇ ಬರುತ್ತದೆ.

ಜೀನ್ಸ್‌ನಿಂದ ಶುರು ಮಾಡೋಣ. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಈಗ ಎಲ್ಲರೂ ವಾಟ್ಸಾಪ್‌ನಲ್ಲಿ, ಆನ್‌ಲೈನ್‌ನಲ್ಲಿ ಮಾಲು ತೋರಿಸಿ ಮಾರಬೇಕು, ಅದಕ್ಕೆ ಬಿಳಿ ಹಿನ್ನೆಲೆಯ ಫೋಟೋ ಬೇಕು. ಮನೆಯಲ್ಲಿರುವ ಒಂದು ಜೀನ್ಸ್ ತಗೊಂಡು ಗೋಡೆಗೆ ನೇತುಹಾಕಿ. ಬೆಳಿಗ್ಗೆ ನೆರಳಿರುವ ಕಡೆ ಫೋಟೋ ತೆಗೆಯಿರಿ. ಮಧ್ಯಾಹ್ನದ ಬಳ್ಳಾರಿ ಬಿಸಿಲಲ್ಲಿ ಬೇಡವೇ ಬೇಡ. ಫೋಟೋದ ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಬೆಲೆ ಇರುತ್ತವೆ, ಒಂದೊಂದೂ 0ಯಿಂದ 255ರವರೆಗೆ. ಬಿಸಿಲು ಬಿದ್ದ ಜಾಗದಲ್ಲಿ ಮೂರೂ 255ಕ್ಕೆ ಹೋಗಿ ಕೂತರೆ ಅಲ್ಲಿ ಬಟ್ಟೆಯ ನೇಯ್ಗೆಯ ಗುರುತೇ ಉಳಿಯುವುದಿಲ್ಲ. ಆಮೇಲೆ ಎಷ್ಟು ಎಡಿಟ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಫ್ರೇಮಿನ ಒಂದು ಮೂಲೆಯಲ್ಲಿ ಬಿಳಿ ಕಾಗದ ಇಟ್ಟುಕೊಳ್ಳಿ, ಬಣ್ಣ ಸರಿಪಡಿಸೋಕೆ ಬೇಕಾಗುತ್ತದೆ.

ಗಿಂಪ್‌ನಲ್ಲಿ ತೆರೆದ ಕೂಡಲೇ ಲೇಯರ್‌ನ ಒಂದು ಕಾಪಿ ಮಾಡಿ. ಮೂಲವನ್ನು ಮುಟ್ಟಬಾರದು, ಇದು ಮೊದಲ ದಿನದಿಂದಲೇ ರೂಢಿಯಾಗಬೇಕು. ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ಅಲ್ಲಿ ಕಪ್ಪು, ಬೂದು, ಬಿಳಿ ಅಂತ ಮೂರು ಡ್ರಾಪರ್ ಇವೆ. ಬೂದು ಡ್ರಾಪರ್ ತಗೊಂಡು ಆ ಕಾಗದದ ಮೇಲೆ ಕ್ಲಿಕ್ ಮಾಡಿ. ಗೋಡೆಯ ಹಳದಿ, ಆಕಾಶದ ನೀಲಿ ಏನೇ ಬೆರೆತಿದ್ದರೂ ಒಂದೇ ಏಟಿಗೆ ಹೋಗುತ್ತದೆ. ಕಾಗದ ತೀರಾ ಬೆಳ್ಳಗೆ ಹೊಡೆದಿದ್ದರೆ ಮಾತ್ರ ಇದು ಕೆಲಸ ಮಾಡುವುದಿಲ್ಲ, ಆಗ ಕಾಗದದ ನೆರಳಿರುವ ಭಾಗದ ಮೇಲೆ ಕ್ಲಿಕ್ ಮಾಡಿ. ನಂತರ ಕರ್ವ್ಸ್. ಗೆರೆಯ ಮಧ್ಯ ಹಿಡಿದು ಸ್ವಲ್ಪ ಮೇಲೆ ಎತ್ತಿದರೆ ಫೋಟೋ ಬೆಳಕಾಗುತ್ತದೆ, ಕೆಳಗಿನ ತುದಿಯ ಹತ್ತಿರ ಸ್ವಲ್ಪ ಇಳಿಸಿದರೆ ಕಪ್ಪು ಗಟ್ಟಿಯಾಗಿ ಹೊಲಿಗೆಯ ದಾರ ಎದ್ದು ಕಾಣುತ್ತದೆ. ಬ್ರೈಟ್‌ನೆಸ್ ಸ್ಲೈಡರ್ ಎಳೆಯುವುದಕ್ಕಿಂತ ಇದನ್ನೇ ಕಲಿಯಿರಿ. ಎಲ್ಲಿ ಎಷ್ಟು ಬೆಳಕು ಬೇಕು ಅನ್ನುವ ಲಗಾಮು ಆಗ ನಿಮ್ಮ ಕೈಯಲ್ಲಿರುತ್ತದೆ.

ಈಗ ಹಿನ್ನೆಲೆ ತೆಗೆಯಬೇಕು. ಒಂದೇ ಕ್ಲಿಕ್‌ನಲ್ಲಿ ಹಿನ್ನೆಲೆ ಅಳಿಸುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ, ಕೆಲಸದ ಆತುರದಲ್ಲಿ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಕಲಿಯುವಾಗ ಪೆನ್ ಟೂಲ್‌ನಿಂದಲೇ ಮಾಡಿ. ಗಿಂಪ್‌ನಲ್ಲಿ ಅದರ ಹೆಸರು ಪಾಥ್ಸ್. ಅಂಚಿನ ಮೇಲೆ ನೇರ ಬಿಂದು ಇಡುತ್ತಾ, ಬಳುಕು ಇರುವ ಕಡೆ ಒತ್ತಿ ಹಿಡಿದು ಎಳೆಯುತ್ತಾ ಸುತ್ತಿ ಬನ್ನಿ. ಬಿಂದು ಕಡಿಮೆ ಇದ್ದಷ್ಟೂ ಅಂಚು ನಯವಾಗಿರುತ್ತದೆ. ಪ್ಯಾಂಟಿನ ಸೊಂಟದಲ್ಲಿ ಬೆಲ್ಟ್ ಹಾಕುವ ಪಟ್ಟಿಗಳಿರುತ್ತವಲ್ಲ, ಅವುಗಳ ಸಂದಿಯಲ್ಲಿ ಗೋಡೆ ಇಣುಕುತ್ತಿರುತ್ತದೆ, ಅದನ್ನೂ ಬಿಡಬೇಡಿ. ಎರಡು ಕಾಲುಗಳ ಮಧ್ಯೆಯೂ ಅಷ್ಟೇ. ಪಾಥ್ ಅನ್ನು ಸೆಲೆಕ್ಷನ್ ಮಾಡಿ, ಅಂಚು ಮೆತ್ತಗಾಗಲು ಒಂದು ಪಿಕ್ಸೆಲ್ ಫೆದರ್ ಕೊಟ್ಟು, ಲೇಯರ್ ಮಾಸ್ಕ್ ಹಾಕಿ. ಮಾಸ್ಕ್‌ನಲ್ಲಿ ಬಿಳಿ ಇದ್ದರೆ ಕಾಣುತ್ತದೆ, ಕಪ್ಪು ಇದ್ದರೆ ಮರೆಯಾಗುತ್ತದೆ, ಬೂದು ಇದ್ದರೆ ಅರ್ಧ ಕಾಣುತ್ತದೆ. ಇಷ್ಟೇ ಅದರ ಗುಟ್ಟು. ಇರೇಸರ್‌ನಿಂದ ಅಳಿಸಿದ್ದು ಹೋಯಿತು ಅಂದರೆ ಹೋಯಿತು, ಮಾಸ್ಕ್‌ನಲ್ಲಿ ಮರೆಮಾಡಿದ್ದನ್ನು ತಿಂಗಳ ನಂತರವೂ ಬಿಳಿ ಬ್ರಷ್‌ನಿಂದ ವಾಪಸ್ ತರಬಹುದು. ಇದೊಂದು ಅರ್ಥವಾದರೆ ನೀವು ಹೊಸಬರ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದ ಹಾಗೆ.

ಪ್ಯಾಂಟಿನ ಕಾಪಿಯ ಕೆಳಗೆ, ಮೂಲ ಲೇಯರ್‌ನ ಮೇಲೆ ಬಿಳಿ ಲೇಯರ್ ಇಡಿ. ಎರಡರ ಮಧ್ಯೆ ಇನ್ನೊಂದು ಲೇಯರ್ ಮಾಡಿ, ಮೋಡ್ ಅನ್ನು ಕೆಳಗಿನದನ್ನು ಗಾಢ ಮಾಡುವ ಮಲ್ಟಿಪ್ಲೈಗೆ ಬದಲಿಸಿ, ಮೆತ್ತನೆಯ ಬ್ರಷ್‌ನಿಂದ ಅಂಚಿನ ಪಕ್ಕ ತೆಳುವಾಗಿ ಬೂದು ಬಳಿಯಿರಿ. ನೆರಳಿಲ್ಲದ ಪ್ಯಾಂಟು ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ. ಕೊನೆಗೆ ನಿಜವಾದ ಪ್ಯಾಂಟನ್ನು ಸ್ಕ್ರೀನಿನ ಪಕ್ಕ ಹಿಡಿದು ಬಣ್ಣ ಹೋಲಿಸಿ. ಸ್ಯಾಚುರೇಶನ್ ಎಳೆದು ನೀಲಿಯನ್ನು ಮಿಂಚಿಸಿದರೆ ಫೋಟೋ ಚೆಂದ ಕಾಣಬಹುದು, ಆದರೆ ಬಣ್ಣ ಬೇರೆ ಬಂತು ಅಂತ ಗಿರಾಕಿ ಮಾಲು ವಾಪಸ್ ಕಳಿಸಿದಾಗ ನಷ್ಟ ಹೊಲಿದವರಿಗೆ. ಇದ್ದ ಬಣ್ಣವನ್ನು ಇದ್ದ ಹಾಗೆ ತೋರಿಸುವುದೇ ಈ ಕೆಲಸದಲ್ಲಿ ಜಾಣತನ.

ಇನ್ನು ಬ್ಯಾನರ್. ನನ್ನ ಪ್ರಕಾರ ಡಿಸೈನ್ ಕಲಿಯೋಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಯಾಕೆಂದರೆ ಇಲ್ಲಿ ಕನ್ನಡ ಅಕ್ಷರ ಬರುತ್ತದೆ. ಎಫೆಕ್ಟ್ ಎಷ್ಟೇ ಇರಲಿ, ಅಕ್ಷರ ಸರಿಯಾಗಿ ಕೂರದಿದ್ದರೆ ಆ ಬ್ಯಾನರ್ ಕೆಟ್ಟಿತು. ಅಕ್ಷರ ಚೆನ್ನಾಗಿ ಕೂತರೆ ಬೇರೇನೂ ಇಲ್ಲದಿದ್ದರೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಹೇಳಿಕೊಡುವ ಕೋರ್ಸ್‌ಗಳಲ್ಲಿ ಇದರ ಬಗ್ಗೆ ಒಂದು ಮಾತೂ ಸಿಗುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅಭ್ಯಾಸಕ್ಕೆ ಕನಕ ದುರ್ಗಮ್ಮನ ಸಿಡಿಬಂಡಿ ಉತ್ಸವಕ್ಕೆ ಸ್ವಾಗತ ಕೋರುವ ಬ್ಯಾನರ್ ಅಂದುಕೊಳ್ಳಿ. ಟೈಪ್ ಮಾಡಿದಾಗ ಬಳ್ಳಾರಿ ಅನ್ನುವುದು ಬಳ್‌ಳಾರಿ ಅಂತ, ದುರ್ಗಮ್ಮ ಅನ್ನುವುದು ದುರ್‌ಗಮ್‌ಮ ಅಂತ ಒಡೆದು ಕಂಡರೆ ತಪ್ಪು ನಿಮ್ಮದಲ್ಲ, ಸಾಫ್ಟ್‌ವೇರ್ ಒತ್ತಕ್ಷರ ಜೋಡಿಸುತ್ತಿಲ್ಲ ಅಂತ ಅರ್ಥ. ಗಿಂಪ್, ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತದ ಫಾಂಟ್) ಹಾಕಿದರೆ ಈ ತೊಂದರೆ ಬರುವುದಿಲ್ಲ. ಹಳೆಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ಗೆ ಹೋಗಿ ಟೈಪ್ ವಿಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಇನ್ನೂ ಹಳೆಯದಾದರೆ ಅದೇ ಜಾಗದಲ್ಲಿ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ ಇರುತ್ತದೆ. ಫೋಟೋಶಾಪ್ ಮುಚ್ಚಿ ಮತ್ತೆ ತೆರೆಯಿರಿ. ಅಂಗಡಿಗಳಲ್ಲಿ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ರಾಶಿ ಇರುತ್ತವೆ. ಆ ಪಠ್ಯವನ್ನು ಹಾಗೇ ಕಾಪಿ ಮಾಡಿ ಯೂನಿಕೋಡ್ ಫಾಂಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ, ಮೊದಲು ಕನ್ವರ್ಟರ್‌ನಲ್ಲಿ ಹಾಯಿಸಬೇಕು.

ಫಾಂಟ್‌ಗೆ ಕದ್ದ ಸಿಡಿ ಹುಡುಕುವ ಕಾಲ ಹೋಯಿತು. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2, ಟಿರೋ ಕನ್ನಡ ಎಲ್ಲ ಉಚಿತವಾಗಿ ಸಿಗುತ್ತವೆ. ತಲೆಬರಹಕ್ಕೆ ಬಲೂ ತಮ್ಮ ದಪ್ಪಗೆ ಚೆನ್ನಾಗಿರುತ್ತದೆ. ನನಗೆ ಅನೇಕ್ ಮೇಲೆ ಪ್ರೀತಿ ಜಾಸ್ತಿ, ಯಾಕೆಂದರೆ ಅದರಲ್ಲಿ ಅಗಲ ಮತ್ತು ಕಿರಿದಾದ ರೂಪಗಳು ಬೇರೆ ಬೇರೆ ಇವೆ. ಜಾಗ ಸಾಲದಿದ್ದಾಗ ಅಕ್ಷರವನ್ನು ಪಕ್ಕದಿಂದ ಹಿಸುಕುವವರು ತುಂಬಾ ಜನ. ಹಾಗೆ ಹಿಸುಕಿದರೆ ನಿಂತ ಗೆರೆಗಳು ತೆಳ್ಳಗಾಗಿ, ಮಲಗಿದ ಗೆರೆಗಳು ದಪ್ಪ ಉಳಿದು ಇಡೀ ಪದ ವಿಕಾರವಾಗುತ್ತದೆ. ಕಿರಿದಾಗಿಯೇ ಬರೆದ ಫಾಂಟ್ ತಗೊಳ್ಳಿ.

ಸಾಲುಗಳ ಅಂತರ ನೋಡಿ. ಇಂಗ್ಲಿಷ್‌ಗೆ ಅಕ್ಷರದ ಅಳತೆಯ 120 ಪರ್ಸೆಂಟ್ ಸಾಕು. ಕನ್ನಡಕ್ಕೆ 140, 150ರಿಂದ ಶುರು ಮಾಡಿ. ಮೇಲಿನ ಸಾಲಿನಲ್ಲಿ ಬಳ್ಳಾರಿ ಇದೆ, ಕೆಳಗಿನ ಸಾಲಿನಲ್ಲಿ ಶ್ರೀ ಇದೆ ಅಂದುಕೊಳ್ಳಿ, ಳ ಒತ್ತು ಕೆಳಗೆ ಇಳಿಯುತ್ತದೆ, ಶ್ರೀಯ ಗುಡಿಸು ಮೇಲೆ ಏರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಅಕ್ಷರದ ಸುತ್ತ ದಪ್ಪ ಸ್ಟ್ರೋಕ್ ಹಾಕುವಾಗಲೂ ಹುಷಾರು. ದ ಮತ್ತು ಧ, ಪ ಮತ್ತು ಫ ಇವುಗಳ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ, ಸ್ಟ್ರೋಕ್ ದಪ್ಪವಾದರೆ ಅದು ಮುಚ್ಚಿಹೋಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಸ್ಟ್ರೋಕ್ ಅನ್ನು ಬಣ್ಣದ ಹಿಂದೆ ಇಡುವ ಆಯ್ಕೆ ಇದೆ, ಅದನ್ನು ಬಳಸಿದರೆ ಅಕ್ಷರದ ರೂಪ ಉಳಿಯುತ್ತದೆ. ನಮ್ಮ ಕಡೆ ತೆಲುಗು ಬ್ಯಾನರ್‌ಗಳೂ ಬರುತ್ತವೆ ಅಲ್ವಾ, ಎರಡೂ ಲಿಪಿ ಹತ್ತಿರ ಹತ್ತಿರ ಕಂಡರೂ ತಲಕಟ್ಟು ಬೇರೆ. ಕನ್ನಡದ್ದು ಮಲಗಿದ ಗೆರೆ, ತೆಲುಗಿನದು ಟಿಕ್ ಗುರುತಿನ ಹಾಗೆ. ಒಂದರ ಫಾಂಟಿನಲ್ಲಿ ಇನ್ನೊಂದನ್ನು ಸುಮ್ನೆ ಹೊಂದಿಸಬೇಡಿ, ಪ್ರಿಂಟಿಗೆ ಮೊದಲು ತೆಲುಗು ಓದುವವರ ಹತ್ತಿರ ಒಮ್ಮೆ ಓದಿಸಿ.

ಮೋಕಾ ರಸ್ತೆಯಲ್ಲಿ ಬೈಕ್ ಮೇಲೆ ಹೋಗುವವರು ನಿಮ್ಮ ಬ್ಯಾನರ್‌ಗೆ ಕೊಡುವುದು ಎರಡು ಮೂರು ಸೆಕೆಂಡ್. ಏನು, ಯಾವಾಗ, ಎಲ್ಲಿ, ಈ ಮೂರು ದೊಡ್ಡದಾಗಿರಲಿ. ಶುಭ ಕೋರುವವರ ಫೋಟೋಗಳು ಇರಲೇಬೇಕು ಅಂತಾರೆ, ಇರಲಿ, ಆದರೆ ಅವರನ್ನು ಕೆಳಗಿನ ಒಂದೇ ಪಟ್ಟಿಯಲ್ಲಿ ಕೂರಿಸಿ. ಎಲ್ಲರ ತಲೆ ಒಂದೇ ಅಳತೆಗೆ ತಂದು, ಒಂದು ಗೈಡ್ ಗೆರೆ ಎಳೆದು ಎಲ್ಲರ ಕಣ್ಣು ಅದರ ಮೇಲೆ ಬರುವ ಹಾಗೆ ಹೊಂದಿಸಿ. ಅಷ್ಟಕ್ಕೇ ಬ್ಯಾನರ್ ಅಚ್ಚುಕಟ್ಟಾಗುತ್ತದೆ. ಬಣ್ಣ ಸರಿ ಇದೆಯೋ ಇಲ್ಲವೋ ಅನುಮಾನ ಬಂದರೆ ಇಡೀ ಚಿತ್ರದ ಕಾಪಿಯನ್ನು ಕಪ್ಪು ಬಿಳುಪು ಮಾಡಿ ನೋಡಿ. ಆಗಲೂ ಅಕ್ಷರ ಹಿನ್ನೆಲೆಯಿಂದ ಬೇರೆಯಾಗಿ ಕಂಡರೆ ಓದಲು ತೊಂದರೆ ಇಲ್ಲ.

ಮುಖಗಳ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು, ಇದು ನನಗೆ ಮುಖ್ಯ. ದಯವಿಟ್ಟು ಯಾರ ಮುಖವನ್ನೂ ಬೆಳ್ಳಗೆ ಮಾಡಬೇಡಿ. ನಮ್ಮ ಬಿಸಿಲು ನಾಡಿನ ಜನರ ಬಣ್ಣ ಕಪ್ಪು, ಗೋಧಿ, ಎಲ್ಲ ಇದೆ, ಅದು ಅವರದು. ಮಧ್ಯಾಹ್ನ ತೆಗೆದ ಫೋಟೋದಲ್ಲಿ ಕಣ್ಣಿನ ಕೆಳಗೆ ಗಾಢ ನೆರಳು ಬಿದ್ದಿದ್ದರೆ ಕರ್ವ್ಸ್‌ನಿಂದ ಬೆಳಕು ಮಾಡಿ, ಮಾಸ್ಕ್ ಹಾಕಿ ಅಷ್ಟು ಜಾಗಕ್ಕೆ ಮಾತ್ರ ಬರುವ ಹಾಗೆ ಮಾಡಿ. ಮೊಡವೆಯನ್ನು ಹೀಲ್ ಟೂಲ್‌ನಿಂದ ತೆಗೆಯಿರಿ, ಅದು ವಾರದಲ್ಲಿ ಹೋಗುವಂಥದ್ದು. ಮಚ್ಚೆ ತೆಗೆಯಬೇಡಿ. ಚರ್ಮವನ್ನು ಬ್ಲರ್ ಮಾಡಿ ಮೇಣದ ಗೊಂಬೆ ಮಾಡಬೇಡಿ.

ಈಗ ಅಳತೆಯ ಲೆಕ್ಕ. ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಬ್ಯಾನರ್‌ಗೆ ಇಂಚಿಗೆ 72 ಪಿಕ್ಸೆಲ್ ಅಂತ ಹಿಡಿದರೆ 8640 ಗುಣಿಸು 5184, ಅಂದರೆ ಸುಮಾರು ನಾಲ್ಕೂವರೆ ಕೋಟಿ ಪಿಕ್ಸೆಲ್. ದೂರದಿಂದ ನೋಡುವ ಬ್ಯಾನರ್‌ಗೆ ಇಷ್ಟು ಸಾಕು. ಪ್ರಿಂಟ್ ಅಂದರೆ 300 ಅಂತ ಎಲ್ಲೋ ಓದಿ ಇದಕ್ಕೂ 300 ಹಾಕಿದರೆ 36000 ಗುಣಿಸು 21600 ಆಗುತ್ತದೆ, ಒಂದು ಲೇಯರ್‌ಗೇ 2 ಜಿಬಿ ದಾಟುತ್ತದೆ, ಕಂಪ್ಯೂಟರ್ ನಿಂತುಹೋಗುತ್ತದೆ. 300 ಬೇಕಾಗುವುದು ಕೈಯಲ್ಲಿ ಹಿಡಿದು ಓದುವ ಮದುವೆ ಪತ್ರಿಕೆ, ವಿಸಿಟಿಂಗ್ ಕಾರ್ಡ್‌ನಂಥವಕ್ಕೆ. ಅವಕ್ಕೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಕೂಡ ಬಿಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೋವನ್ನು ಬ್ಯಾನರ್‌ಗೆ ದೊಡ್ಡದು ಮಾಡಿ ಅಂತ ಕೇಳುವವರು ಇದ್ದೇ ಇರುತ್ತಾರೆ. ಅಣ್ಣಾ, ಅದೇ ಫೋಟೋನ ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಹೇಳಿ, ಮೂಲ ಫೈಲ್ ಬರುತ್ತದೆ.

ಕೆಲಸದ ಫೈಲನ್ನು ಗಿಂಪ್‌ನದೇ ಎಕ್ಸ್‌ಸಿಎಫ್ ಆಗಿ ಉಳಿಸಿಕೊಳ್ಳಿ. ಜೆಪೆಗ್ ಚಿತ್ರವನ್ನು 8 ಗುಣಿಸು 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ವಿವರ ಕಡಿಮೆ ಮಾಡುತ್ತದೆ, ಅದಕ್ಕೇ ಅಕ್ಷರಗಳ ಸುತ್ತ ಕೊಳೆ ಕೊಳೆ ಕಾಣುವುದು, ಮತ್ತೆ ಮತ್ತೆ ಸೇವ್ ಮಾಡಿದರೆ ಅದು ಹೆಚ್ಚುತ್ತಾ ಹೋಗುತ್ತದೆ. ಅಕ್ಷರ ಜಾಸ್ತಿ ಇರುವ ಚಿತ್ರಕ್ಕೆ ಪಿಎನ್‌ಜಿ ಒಳ್ಳೆಯದು.

ಪ್ರಿಂಟಿಗೆ ಕೊಡುವ ಮೊದಲು ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಗಳ ಆಕಾರ ಮಾಡಿ (ಇದು ಬೆಳಕಿನ ಕರ್ವ್ಸ್ ಅಲ್ಲ), ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾಥ್, ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರದೆ ಹೆಸರುಗಳೇ ಬದಲಾಗುತ್ತವೆ. ತಿದ್ದಲು ಬರುವ ಒಂದು ಕಾಪಿ ನಿಮ್ಮ ಹತ್ತಿರ ಇರಲಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ನಿಷೇಧ ಇದೆ, ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ. ಬಟ್ಟೆ ಶಾಯಿ ಕುಡಿಯುತ್ತದೆ, ಬಣ್ಣ ಸ್ವಲ್ಪ ಮಂಕಾಗುತ್ತದೆ, ತೆಳು ಗೆರೆ ಹರಡುತ್ತದೆ, ಅದನ್ನು ಲೆಕ್ಕಕ್ಕೆ ತಗೊಂಡೇ ಡಿಸೈನ್ ಮಾಡಿ. ಸ್ಕ್ರೀನಿನ ನೀಲಿ ಪ್ರಿಂಟಿನಲ್ಲಿ ನೇರಳೆಗೆ ತಿರುಗುವುದು ಎಲ್ಲ ಕಡೆ ಇರುವ ಸಮಸ್ಯೆ. ಪ್ರಿಂಟಿನ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ ಸಯಾನ್ 100 ಇದ್ದರೆ ಮಜೆಂಟಾ 70ರ ಆಸುಪಾಸಿಗೆ ಇಳಿಸಿ, ನೀಲಿ ನೀಲಿಯಾಗಿಯೇ ಬರುತ್ತದೆ. ಸಾಧ್ಯವಾದರೆ ಪೂರ್ತಿ ಪ್ರಿಂಟ್ ಹಾಕಿಸುವ ಮೊದಲು ಅದೇ ಬಟ್ಟೆಯ ಒಂದು ತುಂಡಿನ ಮೇಲೆ ತಲೆಬರಹ ಮತ್ತು ಒಂದು ಮುಖ ಇರುವಷ್ಟು ಜಾಗ ಮಾತ್ರ ಹಾಕಿಸಿ, ಅಂಗಡಿಯಿಂದ ಹೊರಗೆ ಬಿಸಿಲಿಗೆ ತಂದು ರಸ್ತೆಯ ಆಚೆ ಬದಿಯಿಂದ ಓದಿ ನೋಡಿ, ಏನು ಕಾಣಲಿಲ್ಲವೋ ಅದನ್ನು ಫೈಲಿನಲ್ಲಿ ತಿದ್ದಿ ಆಮೇಲೆ ಪೂರ್ತಿ ಪ್ರಿಂಟಿಗೆ ಹೇಳಿ.