ಒಂದೇ ಎಳೆ ಹಿಡಿದು ಬಾಬಿನ್ ಲೇಸು ಗುರುತಿಸಿದ್ದು

ಹಳೇ ಲೇಸನ್ನು ಸ್ಕ್ಯಾನ್ ಮಾಡಿ ಜಾತಿ ಹೇಳ್ತೀನಿ ಅಂದಾಗ, ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಜೊತೆ ಬಾಬಿನ್ (ದಾರ ಸುತ್ತಿದ ಸಣ್ಣ ಕಡ್ಡಿ) ಹಿಡಿದು ಕೈಯಲ್ಲೇ ಲೇಸು ಹೆಣೆಯುವ ಹಿರಿಯರೆಲ್ಲ ನಕ್ಕಿದ್ದರು. ಕೈಯಲ್ಲಿ ಮುಟ್ಟಿ ನೋಡದೆ ಆಗುವ ಕೆಲಸವಾ ಇದು ಅಂತ. ಈಗ ಅವರೇ ಹಳೇ ಡಬ್ಬಿಗಳನ್ನು ನನ್ನ ಮನೆಗೆ ಹೊತ್ತು ತರುತ್ತಾರೆ.

ಸೆಕೆಂಡ್‌ಹ್ಯಾಂಡ್ ಸ್ಕ್ಯಾನರಿಗೆ 25 ಪೌಂಡ್ ಆಗಿರಬೇಕು. ಲೇಸಿನ ಮೇಲೆ ಕಪ್ಪು ಹಾಳೆ, 1200 ಡಿಪಿಐ. ದೊಡ್ಡದಾಗಿ ಪ್ರಿಂಟ್ ತೆಗೆದು, ಕೆಂಪು ಸ್ಕೆಚ್ ಪೆನ್ನಿನಲ್ಲಿ ಜಾಲರಿಯ ಒಂದೇ ಒಂದು ಎಳೆಯನ್ನು ಹಿಂಬಾಲಿಸುತ್ತೇನೆ. ಅಂಚಿನ ಎಳೆ ಹಿಡಿಯಬೇಡಿ, ಅದು ಕೈಲೇಸಿನಲ್ಲೂ ನೆಟ್ಟಗೇ ಓಡುತ್ತದೆ. ಗಾಜಿನ ಮೇಲೆ ಲೇಸು ಸೊಟ್ಟಗಾಗದ ಹಾಗೆ ಮಲಗಿಸೋಕೆ ಒಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಳೆ ಜಾಲರಿಯಿಂದ ಹೂವಿನೊಳಗೆ ಹೋಗಿ ಆ ಕಡೆ ಹೊರಬಂತಾ? ಹಾಗಾದರೆ ಜಾಲರಿ, ಹೂವು ಎರಡನ್ನೂ ಒಟ್ಟಿಗೇ ಹೆಣೆದ ಕೈಲೇಸು: ಟಾರ್ಶನ್, ಬಕ್ಸ್, ವ್ಯಾಲೆನ್ಸಿಯೆನ್, ಮೆಕ್ಲಿನ್ ಗುಂಪು. ಹೂವಿನ ಅಂಚಿಗೆ ಸಿಕ್ಕಿಸಿಕೊಂಡು ನಿಂತರೆ ಹೂವನ್ನು ಬೇರೆಯಾಗಿ ಮಾಡಿದ್ದಾರೆ: ಹಾನಿಟನ್ ಅಥವಾ ಡಚೆಸ್ ಅನ್ನುವ ಕೈಲೇಸು ಇರಬಹುದು. ಅಡ್ಡ ಹಾಯದೆ ಉದ್ದಕ್ಕೇ ಹೋಗುತ್ತಿದ್ದರೆ ಅದು ಕೈಲೇಸೇ ಅಲ್ಲ, ಲೀವರ್ಸ್ ಅನ್ನುವ ಲೇಸು ಮಷೀನಿನದು, ಕಥೆ ಮುಗೀತು.

ವ್ಯಾಲೆನ್ಸಿಯೆನ್‌ನಲ್ಲಿ ಜಾಲರಿಯ ಕಣ್ಣಿನ ಪ್ರತಿ ಬದಿಯೂ ನಾಲ್ಕೆಳೆ ಜಡೆ. ಹೂವಿನ ಸುತ್ತ ದಪ್ಪ ದಾರ ಇಲ್ಲ. ಮೆಕ್ಲಿನ್‌ನಲ್ಲಿ ಗಿಂಪ್ ಅನ್ನುವ ಹೊಳೆಯುವ ದಪ್ಪ ದಾರ ಹೂವನ್ನು ಸುತ್ತುತ್ತದೆ. ಕಣ್ಣಿನ ಆರು ಬದಿಗಳಲ್ಲಿ ಎರಡು ಮಾತ್ರ ಜಡೆ, ಮಿಕ್ಕಿದ್ದು ಬರೀ ಹೊಸೆದದ್ದು. ಬಕ್ಸ್‌ನಲ್ಲಿ ಗಿಂಪ್ ಇದೆ, ಜಾಲರಿಯಲ್ಲಿ ಜಡೆಯೇ ಇಲ್ಲ.

ದುಡ್ಡು ತಿಂದದ್ದು ಬಾರ್ಮೆನ್ ಅನ್ನುವ ಇನ್ನೊಂದು ಲೇಸು ಮಷೀನು. ಕೈಲೇಸು ಅಂತ ಹೇಳಿ ಒಬ್ಬರು ಮೇಜುಬಟ್ಟೆಯ ಅಂಚನ್ನು ನನಗೆ 40 ಪೌಂಡಿಗೆ ಮಾರಿದರು. ಆ ಮಷೀನಿನಲ್ಲಿ ಎಳೆಗಳು ನಮ್ಮ ಕೈಲೇಸಿನ ಹಾಗೇ ದಾಟುತ್ತವೆ, ಕೆಂಪು ಪೆನ್ನಿಗೆ ಏನೂ ತಿಳಿಯುವುದಿಲ್ಲ. ಸುಮಾರು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಒಂದೇ ಪಟ್ಟಿಯ ಎರಡು ಹೂವುಗಳ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟೆ. ಎಳೆಗೆ ಎಳೆ ಕೂತಿತು, ಮಷೀನಿನದೇ. ನನ್ನದೇ ಟಾರ್ಶನ್ ಪಟ್ಟಿಗೆ ಹಾಗೇ ಮಾಡಿದರೆ ಎರಡು ಹೂವು ಎಲ್ಲೂ ಹೊಂದಲಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಆಮೇಲೆ ಮೂಲೆಗಳನ್ನೂ ನೋಡಿದೆ: ಮೂಲೆ ತಿರುಗಿಸಿ ಹೆಣೆದಿರಲಿಲ್ಲ, ಪಟ್ಟಿಯನ್ನು ನೆರಿಗೆ ಹಿಡಿದು ಹೊಲಿದಿದ್ದರು. ಮೂಲೆಯೊಂದನ್ನೇ ನಂಬಬೇಡಿ, ಕೈಲೇಸಿಗೂ ಎಷ್ಟೋ ಜನ ಹಾಗೇ ಹೊಲಿಯುತ್ತಿದ್ದರು.

ನಡುವೆ ಸುಮ್ನೆ ಎಳೆ ಸುಟ್ಟೂ ನೋಡಿದೆ. ಹತ್ತಿ, ಲಿನನ್ ಎರಡಕ್ಕೂ ಸುಟ್ಟ ಕಾಗದದ ವಾಸನೆ. ರೇಷ್ಮೆ ಮಾತ್ರ ಕೂದಲು ಸುಟ್ಟ ಹಾಗೆ ನಾರುತ್ತದೆ.

ರೇಷ್ಮೆ ಅಂದರೆ ಶಾಂಟಿಲಿ ಅನ್ನುವ ಕಪ್ಪು ರೇಷ್ಮೆ ಲೇಸು ನೆನಪಾಯಿತು. ಕಪ್ಪು ಲೇಸಿಗೆ ಬಿಳಿ ಹಾಳೆ ಹಾಕಿ ಸ್ಕ್ಯಾನ್ ಮಾಡಿ. ಪುಷರ್ ಅನ್ನುವ ಮಷೀನು ಮಾಡಿದ ಶಾಂಟಿಲಿ ನಕಲಿನಲ್ಲಿ ಹೂವಿನ ಸುತ್ತಲಿನ ದಪ್ಪ ದಾರವನ್ನು ಆಮೇಲೆ ಕೈಯಿಂದ ಸೂಜಿಯಲ್ಲಿ ಓಡಿಸಿರುತ್ತಾರೆ, ಜಾಲರಿಯ ಮೇಲೆ ಕೆಳಗೆ ಹಾಯ್ದಿರುತ್ತದೆ. ಕೈಲೇಸಿನಲ್ಲಿ ಅದು ಹೊಸೆದ ಜೋಡಿ ಎಳೆಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಈ ಒಂದು ಗುರುತಿನಿಂದಲೇ ಹೋದ ವರ್ಷ ಮಷೀನು ಲೇಸು ಅಂತ ಬದಿಗೆ ಬಿಸಾಡಿದ್ದ ಶಾಲೊಂದನ್ನು 15 ಪೌಂಡಿಗೆ ಎತ್ತಿಕೊಂಡು ಬಂದೆ. ಈಗ 200ಕ್ಕೂ ಕೊಡಲ್ಲ.