ಮೊದಲು ಅಕ್ಷರ ದೊಡ್ಡದು ಮಾಡಿಕೊಂಡೆ

ವಯಸ್ಸಾದವರ ಕೈಗೆ ಸ್ಮಾರ್ಟ್‌ಫೋನ್ ಬಂದರೆ ಮನೆಯವರು ಮಾಡುವ ಮೊದಲ ಕೆಲಸ ಏನು? ವಾಟ್ಸಾಪ್ ಹಾಕಿ, ನೆಂಟರ ಗ್ರೂಪುಗಳಿಗೆಲ್ಲ ಸೇರಿಸಿಬಿಡುವುದು. ಬೆಳಗಾದರೆ ಶುಭೋದಯ, ಹೂವು, ದೇವರ ಫೋಟೋ. ಸ್ವಲ್ಪ ದಿನಕ್ಕೆ ಫೋನ್ ತುಂಬಿಹೋಗುತ್ತದೆ. 'ಇದೆಲ್ಲ ನಮಗಲ್ಲ ಬಿಡಪ್ಪ' ಅಂತ ಮೂಲೆಗಿಡುತ್ತಾರೆ. ನನ್ನ ಓರಗೆಯ ಎಷ್ಟೋ ಜನ ಹೀಗೇ ಕೈಬಿಟ್ಟಿದ್ದಾರೆ.

ನಾನು ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವನು. ಶುರು ಮಾಡಿದ್ದು ವಾಟ್ಸಾಪಿನಿಂದಲ್ಲ, ಸೆಟ್ಟಿಂಗ್ಸ್‌ನಿಂದ. ಮಗ ಬೆಂಗಳೂರಿನಿಂದ ಹೇಳಿಕೊಡಲು ನೋಡಿದ. ಆದರೆ ಯಾವ ಫೋನಿನಲ್ಲಿ ಮಾತಾಡುತ್ತೀವೋ ಅದೇ ಫೋನನ್ನು ಕಲಿಯುವುದು ಆಗದ ಮಾತು. ಕೊನೆಗೆ ಗುರುವಾಗಿ ಸಿಕ್ಕಿದ್ದು ಪಕ್ಕದ ಮನೆಯ ಪಿಯುಸಿ ಹುಡುಗಿ. ಅವಳಿಗೆ ಒಂದೇ ಷರತ್ತು ಹಾಕಿದೆ: ಫೋನ್ ನನ್ನ ಕೈಯಲ್ಲೇ ಇರಬೇಕು, ನೀನು ಬಾಯಲ್ಲಿ ಹೇಳು ಸಾಕು. ಮಕ್ಕಳು ಫೋನ್ ಕಿತ್ತುಕೊಂಡು ಟಪಟಪ ಒತ್ತಿ 'ಆಯ್ತು ನೋಡ್ರಿ' ಅಂದರೆ ನಾವು ಕಲಿಯುವುದೇನು?

ಮೊದಲ ಪಾಠ ಅಕ್ಷರದ ಗಾತ್ರ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಂಡೆ. ಕನ್ನಡಕ ಹುಡುಕುವ ಅರ್ಧ ತಾಪತ್ರಯ ಅಲ್ಲೇ ಮುಗಿಯಿತು. ಫೋನಿನ ಭಾಷೆಯನ್ನೂ ಕನ್ನಡಕ್ಕೆ ಬದಲಾಯಿಸಬಹುದು. ಆದರೆ ಹಾಗೆ ಮಾಡಿದರೆ ಹೇಳಿಕೊಡುವ ಮಕ್ಕಳಿಗೇ ಏನು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ!

ಎರಡನೆಯದು ಬೆರಳು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಯಾಕೆಂದರೆ ಎಳೆಯರಿಗೆ ಇದು ಕಷ್ಟ ಅನ್ನುವುದೇ ತಿಳಿಯದು. ನಾನು ಲಿಫ್ಟಿನ ಬಟನ್ ಒತ್ತುವ ಹಾಗೆ ಒತ್ತಿ ಹಿಡಿಯುತ್ತಿದ್ದೆ. 'ಅಜ್ಜಾರೆ, ಒತ್ತಬ್ಯಾಡ್ರಿ, ಸುಮ್ನೆ ಮುಟ್ಟಿ ಬಿಡ್ರಿ' ಅಂದಳು. ಒತ್ತಿ ಹಿಡಿದರೆ ಫೋನಿಗೆ ಅರ್ಥ ಬೇರೆ. ಮೆಸೇಜು ಆಯ್ಕೆಯಾಗಿ, ಅಳಿಸು, ಕಳಿಸು ಅಂತೆಲ್ಲ ಗುರುತುಗಳು ಮೇಲೆ ಬಂದು ಕೂರುತ್ತವೆ. ಇನ್ನೊಂದು, ವಯಸ್ಸಾದ ಮೇಲೆ ಬೆರಳ ತುದಿ ಒಣಗಿರುತ್ತದೆ. ಒಣ ಬೆರಳು ಕೆಲವೊಮ್ಮೆ ಪರದೆಗೆ ಗೊತ್ತೇ ಆಗುವುದಿಲ್ಲ. ಉಗುರಿನಿಂದ ಕುಟ್ಟಿದರೂ ಅಷ್ಟೇ. ಬೆರಳಿನ ಮೆತ್ತನೆ ಭಾಗದಿಂದ ಮುಟ್ಟಬೇಕು. ಚಳಿಗಾಲದಲ್ಲಿ ನಾನು ಕೈಗೆ ಚೂರು ಕೊಬ್ಬರಿ ಎಣ್ಣೆ ಸವರಿ, ಚೆನ್ನಾಗಿ ಒರೆಸಿಕೊಂಡೇ ಫೋನ್ ಹಿಡಿಯುವುದು.

ಆಮೇಲೆ ಕನ್ನಡ. ಜಿಬೋರ್ಡ್ ಕೀಬೋರ್ಡಿಗೆ ಕನ್ನಡ ಸೇರಿಸಿಕೊಂಡರೆ ಎರಡು ದಾರಿ. ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾ ಹೋದರೆ ಕನ್ನಡದಲ್ಲಿ ಮೂಡುತ್ತದೆ. ಇಲ್ಲವೇ ಮೈಕಿನ ಗುರುತು ಮುಟ್ಟಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ನನಗೆ ಹಿಡಿಸಿದ್ದು ಮೈಕು. ಆದರೆ ನಮ್ಮ 'ಬರ್ತೀನ್ರಿ, ಹೋಕ್ಕೀನ್ರಿ' ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ರೇಡಿಯೋ ವಾರ್ತೆ ಓದುವವರಂತೆ ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಹೇಳಬೇಕು. ಒಳಗಿನ ಕೋಣೆಯಿಂದ ನಮ್ಮ ಮನೆಯವರು 'ಯಾರ್ ಜೊತಿಗ್ರೀ ಇಷ್ಟ್ ಗೌರವದಿಂದ ಮಾತಾಡಕತ್ತೀರಿ?' ಅಂತ ಕೇಳಿದ್ದುಂಟು.

ಕನ್ನಡ ಬರೆಯಲು ಬಂದ ಮೇಲೇ ಫೇಸ್‌ಬುಕ್ ತೆರೆದದ್ದು. ಬೇರೆಯವರು ಕಳಿಸಿದ್ದನ್ನು ಮುಂದಕ್ಕೆ ತಳ್ಳುವುದಷ್ಟೇ ಕೆಲಸವಾದರೆ ಬೇಗ ಬೇಜಾರು ಬರುತ್ತದೆ. ನಮ್ಮದೇ ಅಂತ ಹೇಳುವುದು ಏನಾದರೂ ಬೇಕು. ನನ್ನ ಹತ್ತಿರ ಇದ್ದದ್ದು ಟ್ರಂಕಿನಲ್ಲಿದ್ದ ಹಳೇ ಕಾಗದಪತ್ರ. ಮಿಲ್ಲಿನ ಒಂದು ಸಂಬಳದ ಚೀಟಿಯ ಫೋಟೋ ಹಾಕಿದೆ. ನನ್ನ ಹೆಸರು, ನಂಬರು ಮುಚ್ಚಿಯೇ ತೆಗೆದಿದ್ದೆ. ಅದರ ತಲೆಯಲ್ಲಿ 'ಚಿತ್ರದುರ್ಗ ಜಿಲ್ಲೆ' ಅಂತ ಅಚ್ಚಾಗಿತ್ತು. 'ದಾವಣಗೆರೆ ಯಾವಾಗ ಚಿತ್ರದುರ್ಗದಲ್ಲಿತ್ತು ಸಾರ್?' ಅಂತ ಹುಡುಗರು ಕೇಳಿದರು. 1997ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು, ಅಲ್ಲಿಯವರೆಗೂ ಡಿಸಿ ಕಚೇರಿ ಕೆಲಸ ಅಂದರೆ ದುರ್ಗದ ಬಸ್ ಹತ್ತಬೇಕಿತ್ತು ಅಂತ ಬರೆದೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಪಾಳಿ ಬಿಟ್ಟರೆ ರಸ್ತೆ ತುಂಬಾ ಸೈಕಲ್ಲು ಅಂತಲೂ ಸೇರಿಸಿದೆ. ಅದರ ಕೆಳಗೆ ಸ್ಪಿನ್ನಿಂಗ್ ಖಾತೆಯಲ್ಲಿದ್ದ ಹಳೇ ಗೆಳೆಯರೊಬ್ಬರು ಸಿಕ್ಕರು. ಮಿಲ್ ಮುಚ್ಚಿದ ಮೇಲೆ ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಅದಾದ ಮೇಲೆ ನನಗೆ ಯಾರೂ 'ದಿನಾ ನೋಡು' ಅಂತ ಹೇಳಬೇಕಾಗಲಿಲ್ಲ.

ಭದ್ರತೆ ಅಂದರೆ ಎಲ್ಲರೂ ಹೆದರಿಸುತ್ತಾರೆ. ಮಾಡುವುದು ಕೆಲವೇ ಕೆಲಸ. ಫೇಸ್‌ಬುಕ್ಕಿನಲ್ಲಿ ಪ್ರೊಫೈಲ್ ಲಾಕ್ ಮಾಡಿದೆ. ನನ್ನದೆಲ್ಲ ಸ್ನೇಹಿತರಿಗೆ ಮಾತ್ರ ಕಾಣುತ್ತದೆ. ವಾಟ್ಸಾಪಿನಲ್ಲಿ ಎರಡು ಹಂತದ ಪರಿಶೀಲನೆ ಅಂತ ಇದೆ, ಆರು ಅಂಕಿಯ ಪಿನ್ ಹಾಕಿದೆ. ಯಾರೆಂದರೆ ಅವರು ಗ್ರೂಪಿಗೆ ಸೇರಿಸದಂತೆ, ನನ್ನ ಫೋನಿನಲ್ಲಿ ಹೆಸರಿರುವವರಿಗಷ್ಟೇ ಬಿಟ್ಟೆ. ಒಟಿಪಿಯನ್ನು ಹೆತ್ತ ಮಗ ಕೇಳಿದರೂ ಹೇಳುವುದಿಲ್ಲ. ಪರಿಚಯದವರ ಫೋಟೋ ಇಟ್ಟುಕೊಂಡ ಹೊಸ ಖಾತೆಯಿಂದ 'ಅರ್ಜೆಂಟ್ ದುಡ್ಡು ಬೇಕು' ಅಂತ ಬಂದರೆ, ಅವರ ಹಳೇ ನಂಬರಿಗೆ ಫೋನ್ ಹಚ್ಚಿ ಕೇಳುತ್ತೇನೆ. ಪೊಲೀಸ್ ವೇಷ ಹಾಕಿ ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅನ್ನುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಫೋನ್ ಇಟ್ಟುಬಿಡುವುದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಫಾರ್ವರ್ಡ್ ಬಗ್ಗೆ ನಾನು ಸ್ವಲ್ಪ ಬಿಗಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದಿದೆ ಅಂತ. ಅಂಥದ್ದನ್ನು ವಾಟ್ಸಾಪೇ ಒಂದು ಸಲಕ್ಕೆ ಒಬ್ಬರಿಗಿಂತ ಜಾಸ್ತಿ ಜನರಿಗೆ ಕಳಿಸಲು ಬಿಡುವುದಿಲ್ಲ. ನಾನು ಆ ಒಬ್ಬರಿಗೂ ಕಳಿಸುವುದಿಲ್ಲ. ಶುಗರಿಗೆ ಮನೆಮದ್ದು ಅಂತ ಬಂದಿದ್ದರಂತೂ ನೇರ ಅಳಿಸುವುದೇ. ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನೂ ನಿಲ್ಲಿಸಿದ್ದೇನೆ; ಬೇಕಾದ್ದನ್ನು ಮುಟ್ಟಿ ನೋಡಿದರಾಯಿತು, ಫೋನ್ ಖಾಲಿ ಇರುತ್ತದೆ.

ಈಗ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿ ಕೂತಾಗ ಜೊತೆಯವರು ಫೋನ್ ನನ್ನ ಕೈಗೆ ಚಾಚುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಜಾಸ್ತಿ ಜನ ಕೇಳುವುದು ವಾಟ್ಸಾಪಿನಲ್ಲಿ ಮೆಸೇಜು ಓದಿದ್ದಾಯಿತು ಅಂತ ತೋರಿಸುವ ನೀಲಿ ಗೆರೆ ತೆಗೆಯುವುದು ಹೇಗೆ ಅಂತ. ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ತೆಗೆಯಬಹುದು. ಆದರೆ ಆಗ ಬೇರೆಯವರು ನಿಮ್ಮ ಮೆಸೇಜು ಓದಿದರೋ ಇಲ್ಲವೋ ಅನ್ನುವುದೂ ನಿಮಗೆ ಕಾಣುವುದಿಲ್ಲ. ಒಬ್ಬರು ತೆಗೆಸಿಕೊಂಡು ಹೋದವರು ಮರುದಿನವೇ ಬಂದರು. 'ವಾಪಸ್ ಹಾಕಿಸ್ರೀ ಮಾರಾಯ್ರೆ, ಅಳಿಯ ಓದಿ ಸುಮ್ನಿದಾನೋ, ಓದೇ ಇಲ್ವೋ ಗೊತ್ತಾಗ್ವಲ್ದು' ಅಂದರು.